ಬಳಪದ ಕಲ್ಲಿನೆದುರು ತಿದಿಯ ಕ್ಯಾಮೆರಾ: ಕ್ಯಾಪ್ಟನ್ ಲಿನೇಯಸ್ ಟ್ರೈಪ್

ಕಳೆದ ವರ್ಷ ನಮ್ಮ ವಿಭಾಗದ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳೊಡನೆ ಶಿರೋಳ ತಾಲೂಕಿನ ಖಿದ್ರಾಪುರಕ್ಕೆ ಅಧ್ಯಯನ ಪ್ರವಾಸ ಹೋಗಿದ್ದೆವು. ಕೃಷ್ಣೆಯ ದಂಡೆಯಲ್ಲಿರುವ ಅಲ್ಲಿನ ಕೋಪೇಶ್ವರ ದೇವಾಲಯದಲ್ಲಿ ಕನ್ನಡ ಶಾಸನಗಳಿವೆ, ಯಾದವ ಸಿಂಘಣನ ಕಾಲದ ಸಂಸ್ಕೃತ ಶಾಸನವೂ ಇದೆ. ವಿದ್ಯಾರ್ಥಿಗಳೆಲ್ಲ ತಮ್ಮ ಮೊಬೈಲುಗಳಲ್ಲಿ ಕಲ್ಲಿನ ಚಿತ್ರಗಳನ್ನು ತೆಗೆದುಕೊಂಡರು. ಮರುದಿನ ತರಗತಿಯಲ್ಲಿ ಅವುಗಳನ್ನು ಪರದೆಯ ಮೇಲೆ ಹಾಕಿ ನೋಡಿದರೆ ಕಂಬಗಳೆಲ್ಲ ಒಂದರತ್ತ ಒಂದು ವಾಲಿದ್ದವು, ಗೋಡೆ ಹಿಂದಕ್ಕೆ ಬೀಳುವಂತಿತ್ತು, ಅಕ್ಷರಗಳಿದ್ದ ಕಡೆಯಲ್ಲಿ ಕಲ್ಲಿನ ಬಿಳಿಚು ಹೊಳಪೊಂದೇ ಉಳಿದಿತ್ತು. ಒಂದು ಸಾಲನ್ನೂ ಓದಲಾಗಲಿಲ್ಲ. ತಪ್ಪು ಅವರದಲ್ಲ. ನೆತ್ತಿಯ ಮೇಲೆ ಸೂರ್ಯನಿದ್ದಾಗ ಅವರನ್ನು ಕಲ್ಲಿನ ಮುಂದೆ ನಿಲ್ಲಿಸಿದವನು ನಾನು.

ಆ ದಿನ ನನಗೆ ನೆನಪಾದವನು ನೂರಾ ಎಪ್ಪತ್ತು ವರ್ಷಗಳ ಹಿಂದೆ ಹಳೇಬೀಡಿನ ಗೋಡೆಯ ಮುಂದೆ ಮರದ ಪೆಟ್ಟಿಗೆಯೊಂದನ್ನು ನಿಲ್ಲಿಸಿಕೊಂಡಿದ್ದ ಒಬ್ಬ ಸೈನ್ಯಾಧಿಕಾರಿ. ಛಾಯಾಗ್ರಹಣದ ಇತಿಹಾಸ ಬಲ್ಲವರಿಗೆಲ್ಲ ಪರಿಚಿತನಾದ ಲಿನೇಯಸ್ ಟ್ರೈಪ್ ನಮ್ಮ ಕನ್ನಡ ತರಗತಿಗಳಲ್ಲಿ ಕೇಳಿಬರುವ ಹೆಸರಲ್ಲ. ಕೇಳಿಬರಬೇಕೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣವನ್ನು ಅವನ ಜೀವನವನ್ನು ಹೇಳುತ್ತಲೇ ಹೇಳಬೇಕು.

ಟ್ರೈಪ್ ಹುಟ್ಟಿದ್ದು 1822ರ ಏಪ್ರಿಲ್ 14ರಂದು, ಇಂಗ್ಲೆಂಡಿನ ನೈಋತ್ಯ ಕರಾವಳಿಯ ಡೆವನ್‌ಪೋರ್ಟ್‌ನಲ್ಲಿ. ಅದು ಹಡಗುಕಟ್ಟೆಯ ಊರು. ಹದಿನೇಳರ ಆಸುಪಾಸಿನಲ್ಲಿ ಅವನು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೇರಿ ಮದರಾಸಿಗೆ ಬಂದನು; 12ನೆಯ ಮದರಾಸ್ ದೇಶೀ ಪದಾತಿದಳದಲ್ಲಿ ಅಧಿಕಾರಿಯಾದನು. ಮುಂದಿನ ಹತ್ತು ವರ್ಷಗಳಲ್ಲಿ ಅವನ ಬದುಕು ಅಂದಿನ ನೂರಾರು ಕಂಪನಿ ಅಧಿಕಾರಿಗಳ ಬದುಕಿಗಿಂತ ಭಿನ್ನವಾಗಿರಲಿಲ್ಲ. ಕಥೆ ತಿರುಗುವುದು ಅವನು ದೀರ್ಘ ರಜೆಯ ಮೇಲೆ ಊರಿಗೆ ಹೋದಾಗ. ಅನಾರೋಗ್ಯದ ಕಾರಣದಿಂದ ರಜೆ ಬೆಳೆಯುತ್ತ ಹೋಗಿ 1854ರವರೆಗೆ ಅವನು ಇಂಗ್ಲೆಂಡಿನಲ್ಲಿಯೇ ಉಳಿದನು.

ಆ ಮೂರು ನಾಲ್ಕು ವರ್ಷಗಳು ಛಾಯಾಗ್ರಹಣಕ್ಕೆ ಹೊಸ ಹುಟ್ಟು ಬಂದ ಕಾಲ. 1851ರಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಮೇಣದ ಕಾಗದದ ವಿಧಾನವನ್ನು ಪ್ರಕಟಿಸಿದನು; ಅದೇ ವರ್ಷ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಗಾಜಿನ ಮೇಲೆ ಹಸಿ ಕೊಲೋಡಿಯನ್ ಬಳಿಯುವ ವಿಧಾನವನ್ನು ಪ್ರಕಟಿಸಿದನು. ರಜೆಯಲ್ಲಿದ್ದ ಟ್ರೈಪ್ ಈ ವಿದ್ಯೆಗೆ ಕೈ ಹಾಕಿದನು. ಅವನ ಮೊದಲ ವಸ್ತು ತನ್ನೂರಿನ ಹಡಗುಕಟ್ಟೆಯೇ: ಕಟ್ಟೆಯಲ್ಲಿ ನಿಂತ ಯುದ್ಧನೌಕೆಗಳು, ಪಾಯಿಮರಗಳು, ಹಗ್ಗಗಳು. 1853ರಲ್ಲಿ ಲಂಡನ್ನಿನಲ್ಲಿ ಛಾಯಾಗ್ರಾಹಕರ ಸಂಘ ಆರಂಭವಾದಾಗ ಅದರ ಸದಸ್ಯನಾದನು. ಕಲಿಯುವವನು ತನ್ನ ಅಂಗಳದಲ್ಲಿಯೇ ಆರಂಭಿಸಿದ್ದು ಮತ್ತು ಅಲುಗಾಡದ ವಸ್ತುವನ್ನು ಆರಿಸಿಕೊಂಡಿದ್ದು ಜಾಣತನ. ಆ ಕ್ಯಾಮೆರಾದ ಮುಂದೆ ಅಲುಗಾಡುವುದೆಲ್ಲವೂ ಹೊಗೆಯಾಗಿಬಿಡುತ್ತಿತ್ತು.

ಆ ಯಂತ್ರ ಎಂಥದೆಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ನಾನು ಅದರ ವಂಶಜನೊಂದನ್ನು ಕಂಡಿದ್ದೇನೆ. ಮಾಧ್ಯಮಿಕ ಶಾಲೆಯಲ್ಲಿದ್ದಾಗ ಕಾಗಲದಿಂದ ಕೊಲ್ಹಾಪುರಕ್ಕೆ ಹೋಗಿ ಮನೆಯವರೆಲ್ಲರೂ ಕೂಡಿ ಫೋಟೋ ತೆಗೆಸಿಕೊಂಡ ದಿನ, ಸ್ಟುಡಿಯೋದ ಮುದುಕರು ನನ್ನ ಕುತೂಹಲವನ್ನು ಕಂಡು ಕರಿ ಬಟ್ಟೆಯೊಳಗೆ ತಲೆ ಹಾಕಲು ಬಿಟ್ಟರು. ಒಳಗೆ ಮಸುಕು ಗಾಜಿನ ಮೇಲೆ ನನ್ನ ಅಜ್ಜಿ, ಅಪ್ಪ, ಅವ್ವ ಎಲ್ಲರೂ ತಲೆಕೆಳಗಾಗಿ ಕುಳಿತಿದ್ದರು; ಎಡಗಡೆಯವರು ಬಲಗಡೆಗೆ ಹೋಗಿದ್ದರು. ಮುಂದೆ ಮಸೂರದ ಹಲಗೆ, ಹಿಂದೆ ಗಾಜಿನ ಹಲಗೆ, ನಡುವೆ ಮಡಿಕೆ ಮಡಿಕೆಯಾದ ಚರ್ಮದ ಚೀಲ. ಆ ಚೀಲವನ್ನು ಮುದುಕರು ಮರಾಠಿಯಲ್ಲಿ ಭಾತಾ ಎಂದರು. ಮನೆಗೆ ಬಂದು ಅಪ್ಪನನ್ನು ಕೇಳಿದಾಗ ಅದು ಕಮ್ಮಾರನ ತಿದಿಯೇ ಎಂದು ತಿಳಿಯಿತು. ಮರಾಠಿ ಶಾಲೆಯಲ್ಲಿ ಅರ್ಧ, ಕನ್ನಡ ಶಾಲೆಯಲ್ಲಿ ಅರ್ಧ ಓದಿದ ನನಗೆ ಎಷ್ಟೋ ವಸ್ತುಗಳು ಹೀಗೆ ಎರಡು ಹೆಸರುಗಳೊಡನೆಯೇ ಬಂದಿವೆ.

ಟ್ರೈಪ್‌ನ ಕಾಲದಲ್ಲಿ ಚಿತ್ರವನ್ನು ದೊಡ್ಡದು ಮಾಡುವ ಸಾಧನ ಬಳಕೆಯಲ್ಲಿರಲಿಲ್ಲ. ನೆಗೆಟಿವನ್ನು ಬೆಳ್ಳಿಯ ಲವಣ ಹಚ್ಚಿದ ಕಾಗದದ ಮೇಲೆ ಒತ್ತಿ ಬಿಸಿಲಿಗೆ ಇಟ್ಟರೆ ಅದರಷ್ಟೇ ಅಳತೆಯ ಪ್ರತಿ ಮೂಡುತ್ತಿತ್ತು. ಆದ್ದರಿಂದ ದೊಡ್ಡ ಚಿತ್ರ ಬೇಕೆಂದರೆ ದೊಡ್ಡ ನೆಗೆಟಿವ್ ಬೇಕು, ಅದಕ್ಕೆ ದೊಡ್ಡ ಕ್ಯಾಮೆರಾ ಬೇಕು. ಟ್ರೈಪ್‌ನ ಚಿತ್ರಗಳು ಸುಮಾರು 10ರಿಂದ 12 ಅಂಗುಲ ಎತ್ತರ, 13ರಿಂದ 15 ಅಂಗುಲ ಅಗಲದವು. ಅಷ್ಟು ದೊಡ್ಡ ಕಾಗದವನ್ನು ಹಿಡಿಯುವ ಪೆಟ್ಟಿಗೆ, ಅದನ್ನು ಹೊರುವ ಮುಕ್ಕಾಲು ಪೀಠ, ಔಷಧಗಳ ಸೀಸೆಗಳು, ತಟ್ಟೆಗಳು ಇವೆಲ್ಲ ಎತ್ತಿನ ಗಾಡಿಯ ಸರಕು.

ಮೇಣದ ಕಾಗದದ ವಿಧಾನವನ್ನು ಕೇಳಿದರೆ ಅಡುಗೆಯ ವಿವರಣೆಯಂತೆ ತೋರಬಹುದು. ತೆಳುವಾದ ಕಾಗದವನ್ನು ಮೊದಲು ಜೇನುಮೇಣದಲ್ಲಿ ಅದ್ದಿ ಪಾರದರ್ಶಕವಾಗಿಸಬೇಕು. ಅನಂತರ ಅಯೋಡೈಡಿನ ದ್ರಾವಣದಲ್ಲಿ ನೆನೆಸಿ ಒಣಗಿಸಬೇಕು. ಕತ್ತಲೆಯಲ್ಲಿ ಬೆಳ್ಳಿಯ ನೈಟ್ರೇಟಿನಲ್ಲಿ ತೇಲಿಸಿ ಮತ್ತೆ ತೊಳೆದು ಒಣಗಿಸಬೇಕು. ಈಗ ಕಾಗದ ಬೆಳಕಿಗೆ ಸಿದ್ಧ. ಮಸೂರದ ಮುಚ್ಚಳವನ್ನು ಕೈಯಿಂದ ತೆಗೆದು, ನಿಮಿಷಗಳನ್ನು ಎಣಿಸಿ, ಮತ್ತೆ ಮುಚ್ಚಬೇಕು. ಗ್ಯಾಲಿಕ್ ಆಮ್ಲದಲ್ಲಿ ಹಾಕಿ ಗಂಟೆಗಟ್ಟಲೆ ಕಾಯ್ದರೆ ಚಿತ್ರ ಮೆಲ್ಲನೆ ಕಪ್ಪಾಗಿ ಮೇಲೇಳುತ್ತದೆ. ಗಾಜಿನ ಹಸಿ ವಿಧಾನ ಇದಕ್ಕಿಂತ ಚುರುಕಾದದ್ದು. ಆದರೆ ಬಳಿದ ಲೇಪ ಒಣಗುವ ಮೊದಲೇ, ಕೆಲವೇ ನಿಮಿಷಗಳಲ್ಲಿ, ಎಲ್ಲವೂ ಮುಗಿಯಬೇಕು. ನಮ್ಮ ಬಿಸಿಲಿನಲ್ಲಿ ಅದು ಪ್ರಾಣಸಂಕಟ. ಮೇಣದ ಕಾಗದವನ್ನು ಮಾತ್ರ ಕೆಲವು ದಿನ ಮುಂಚಿತವಾಗಿ ಮಾಡಿಟ್ಟುಕೊಂಡು ದಾರಿ ಹಿಡಿಯಬಹುದಿತ್ತು. ಪ್ರವಾಸದಲ್ಲಿರುವವನಿಗೆ ಅದೇ ಅನುಕೂಲ.

1854ರ ನಡುವಿನಲ್ಲಿ ಟ್ರೈಪ್ ಬೆಂಗಳೂರಿನ ದಂಡಿಗೆ ಮರಳಿದನು. ಆ ಡಿಸೆಂಬರಿನಲ್ಲಿ ಸೈನ್ಯದ ವೈದ್ಯನಾದ ಡಾ. ಎ. ಸಿ. ಬ್ರಿಸ್ಬೇನ್ ನೀಲ್ ಜೊತೆಗೂಡಿ ಹಳೇಬೀಡು ಬೇಲೂರುಗಳಿಗೆ ಹೊರಟನು. ಭಾರತದಲ್ಲಿ ಅವನ ಛಾಯಾಗ್ರಹಣ ಆರಂಭವಾದದ್ದು ಹೊಯ್ಸಳರ ಕಲ್ಲಿನಿಂದ ಎಂಬುದನ್ನು ಕನ್ನಡದ ವಿದ್ಯಾರ್ಥಿ ಗಮನಿಸಬೇಕು. ಆ ಗುಡಿಗಳು ಯಂತ್ರಕ್ಕೆ ಸುಲಭದ ವಸ್ತುಗಳಲ್ಲ. ಬಳಪದ ಕಲ್ಲು ಕಾಲ ಕಳೆದಂತೆ ಕಪ್ಪಾಗುತ್ತದೆ. ಅಂದಿನ ಕಾಗದಕ್ಕೆ ನೀಲಿಯ ಬೆಳಕೊಂದೇ ಚೆನ್ನಾಗಿ ಕಾಣುತ್ತಿತ್ತು. ಆಕಾಶ ಬೇಗನೆ ಕಾಗದವನ್ನು ಸುಡುತ್ತಿತ್ತು, ಕಲ್ಲು ನಿಧಾನವಾಗಿ ಮೂಡುತ್ತಿತ್ತು. ನಕ್ಷತ್ರಾಕಾರದ ಗೋಡೆಯ ಒಂದು ಮುಖಕ್ಕೆ ಬೆಳಕಿದ್ದರೆ ಪಕ್ಕದ ಮುಖ ನೆರಳಿನಲ್ಲಿ. ಹಳೇಬೀಡಿನ ಗೋಡೆಯ ಆನೆಗಳ ಸಾಲು, ಕುದುರೆಗಳ ಸಾಲು, ಮೇಲಿನ ದೇವತೆಗಳು ಎಲ್ಲವೂ ಒಂದೇ ಕಾಗದದಲ್ಲಿ ಬರಬೇಕಾದರೆ ಮಸೂರದ ಕಿಂಡಿಯನ್ನು ಸಣ್ಣದು ಮಾಡಬೇಕು. ಕಿಂಡಿ ಸಣ್ಣದಾದಷ್ಟೂ ಕಾಯುವ ಹೊತ್ತು ಬೆಳೆಯುತ್ತದೆ.

ಕಂಬ ವಾಲದಿರುವ ಗುಟ್ಟೂ ಈ ಯಂತ್ರದಲ್ಲಿಯೇ ಇದೆ. ನಾವು ಮೊಬೈಲನ್ನು ಮೇಲಕ್ಕೆ ಎತ್ತಿ ಗೋಪುರವನ್ನು ಹಿಡಿಯುತ್ತೇವೆ; ಗಾಜು ಕಟ್ಟಡಕ್ಕೆ ಓರೆಯಾಗುತ್ತದೆ, ಗೆರೆಗಳು ಮೇಲೆ ಕೂಡಿಕೊಳ್ಳುತ್ತವೆ. ತಿದಿಯ ಕ್ಯಾಮೆರಾದಲ್ಲಿ ಹಿಂದಿನ ಗಾಜನ್ನು ತೂಕದ ಗುಂಡಿನಷ್ಟು ನೆಟ್ಟಗೆ ಇಟ್ಟು, ಮುಂದಿನ ಮಸೂರದ ಹಲಗೆಯನ್ನಷ್ಟೇ ಮೇಲಕ್ಕೆ ಸರಿಸಬಹುದು. ತಿದಿ ಬಾಗುವುದರಿಂದ ಬೆಳಕು ಸೋರುವುದಿಲ್ಲ. ಗೋಡೆ ನೆಟ್ಟಗೇ ನಿಲ್ಲುತ್ತದೆ, ಶಿಖರವೂ ಕಾಗದದೊಳಗೆ ಬರುತ್ತದೆ. ದೊಡ್ಡ ಕ್ಯಾಮೆರಾವನ್ನು ಇಂದೂ ಕಟ್ಟಡಗಳ ಚಿತ್ರಕ್ಕೆ ಬಳಸುವವರಿದ್ದಾರೆ. ಅವರು ಮೊದಲು ಕಲಿಯುವುದು ಇದನ್ನೇ.

1855ರ ಆರಂಭದಲ್ಲಿ ಮದರಾಸಿನಲ್ಲಿ ನಡೆದ ಪ್ರದರ್ಶನದಲ್ಲಿ ಟ್ರೈಪ್ 68 ಚಿತ್ರಗಳನ್ನು ಇಟ್ಟನು. ಪ್ರಥಮ ದರ್ಜೆಯ ಪದಕ ದೊರೆಯಿತು. ಕಂಪನಿಯ ಆಡಳಿತಕ್ಕೂ ಆಗ ಇಂಥವರೇ ಬೇಕಾಗಿದ್ದರು. ಪುರಾತನ ಕಟ್ಟಡಗಳನ್ನು ಚಿತ್ರಕಾರರಿಂದ ಬರೆಸುವುದಕ್ಕಿಂತ ಛಾಯಾಗ್ರಹಣ ಅಗ್ಗ ಮತ್ತು ನಂಬಿಕೆಗೆ ಅರ್ಹ ಎಂಬ ಲೆಕ್ಕಾಚಾರ ಅವರದು. ಇದೇ ವೇಳೆಗೆ ಮುಂಬಯಿಯ ಕಡೆಯಿಂದ ಥಾಮಸ್ ಬಿಗ್ಸ್ ವಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಕ್ಯಾಮೆರಾ ನಿಲ್ಲಿಸಿದ್ದನು. ಹಂಪಿಯಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಇನ್ನೂ ದೊಡ್ಡ ಮೇಣದ ಕಾಗದಗಳ ಮೇಲೆ ಕೆಲಸ ಮಾಡುತ್ತಿದ್ದನು. ಕನ್ನಡ ನಾಡಿನ ಕಲ್ಲು ಕಾಗದಕ್ಕೆ ಇಳಿದದ್ದು ಹೀಗೆ, ಒಂದೆರಡು ವರ್ಷಗಳ ಅಂತರದಲ್ಲಿ, ಸೈನಿಕರ ಕೈಯಿಂದ. ಆಳುವವರಿಗೆ ತಮ್ಮ ಆಸ್ತಿಯ ಪಟ್ಟಿ ಬೇಕಾಗಿತ್ತೆಂಬುದನ್ನೂ ಮರೆಯಬಾರದು. ಆದರೂ ಆ ಪಟ್ಟಿ ಇಂದು ನಮಗೆ ಉಪಯೋಗಕ್ಕೆ ಬರುತ್ತಿದೆ.

ಅದೇ 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಬರ್ಮಾದ ರಾಜನ ಬಳಿಗೆ ಆರ್ಥರ್ ಫೇರ್‌ನ ನೇತೃತ್ವದಲ್ಲಿ ನಿಯೋಗವೊಂದನ್ನು ಕಳುಹಿಸಿದಾಗ ಟ್ರೈಪ್ ಅದರ ಛಾಯಾಗ್ರಾಹಕನಾಗಿ ಹೋದನು. ಮಳೆಗಾಲ, ಮೋಡದ ದಿನಗಳು, ನಡುವೆ ಅನಾರೋಗ್ಯ. ಆದರೂ ಪಗಾನ್, ಅಮರಪುರ, ರಂಗೂನುಗಳಲ್ಲಿ ಇನ್ನೂರಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ತೆಗೆದನು. ಬೆಂಗಳೂರಿಗೆ ಮರಳಿ ಅವುಗಳಲ್ಲಿ 120ನ್ನು ಆರಿಸಿ 50 ಸಂಪುಟಗಳಾಗಿ ಮುದ್ರಿಸಿದನು. ಲೆಕ್ಕ ಮಾಡಿ ನೋಡಿ: 6000 ಪ್ರತಿಗಳು, ಒಂದೊಂದೂ ಬೆಂಗಳೂರಿನ ಬಿಸಿಲಿನಲ್ಲಿ ಒಂದೊಂದಾಗಿ ಮೂಡಿ ಬಂದದ್ದು. ಇದು ಒಬ್ಬನ ಕೆಲಸವಲ್ಲ. ಅವನು ತರಬೇತಿ ಕೊಟ್ಟು ಬೆಳೆಸಿದ ಸಹಾಯಕರಲ್ಲಿ ಅಯ್ಯಸ್ವಾಮಿ ಎಂಬುವನ ಹೆಸರು ಉಳಿದಿದೆ. ಮುಂದೆ ಅವನು ಮದರಾಸಿನ ಕಲಾಶಾಲೆಯಲ್ಲಿ ಛಾಯಾಗ್ರಹಣವನ್ನು ಕಲಿಸುವವನಾದನು. ಮೋಡವೇ ಕಾಣದ ಬೋಳು ಆಕಾಶಗಳಿಗೆ ಟ್ರೈಪ್ ನೆಗೆಟಿವ್‌ಗಳ ಮೇಲೆ ಬಣ್ಣದಿಂದ ಮೋಡಗಳನ್ನು ಬರೆಯುತ್ತಿದ್ದನು, ಮರಗಳ ಎಲೆಗಳನ್ನು ತಿದ್ದುತ್ತಿದ್ದನು. ಸಾಕ್ಷ್ಯವೆಂದು ಕರೆಯುವ ಚಿತ್ರದಲ್ಲಿ ಹೀಗೆ ಕೈಯಾಡಿಸಬಹುದೇ ಎಂದು ನೀವು ಕೇಳಬಹುದು. ಕಲ್ಲಿನ ಮೇಲೆ ಹಾಗೆ ಮಾಡದಿರುವವರೆಗೆ ನನಗೆ ತಕರಾರಿಲ್ಲ.

1856ರಲ್ಲಿ ಮದರಾಸ್ ಸರಕಾರ ಅವನನ್ನು ತನ್ನ ಛಾಯಾಗ್ರಾಹಕನನ್ನಾಗಿ ನೇಮಿಸಿತು. ಮರುವರ್ಷ ಉತ್ತರದಲ್ಲಿ ಬಂಡಾಯ ಎದ್ದಿತು, ಪ್ರವಾಸ ತಡವಾಯಿತು. 1857ರ ಡಿಸೆಂಬರಿನಲ್ಲಿ ಎತ್ತಿನ ಗಾಡಿಗಳೊಡನೆ ಹೊರಟು ಶ್ರೀರಂಗ, ತಿರುಚಿರಾಪಳ್ಳಿ, ಮದುರೆ, ಪುದುಕೋಟೆ, ತಂಜಾವೂರುಗಳನ್ನು ಸುತ್ತಿ ಮುಂದಿನ ಏಪ್ರಿಲ್ ವೇಳೆಗೆ ಮದರಾಸು ತಲಪಿದನು. ಅಲ್ಲಿ ವಸ್ತುಸಂಗ್ರಹಾಲಯದಲ್ಲಿದ್ದ ಅಮರಾವತಿಯ ಅಮೃತಶಿಲೆಯ ಶಿಲ್ಪಗಳನ್ನು ಚಿತ್ರಿಸಿದನು. ಅವುಗಳನ್ನು ಅಲ್ಲಿಗೆ ತರಿಸಿದ್ದವನು ವಾಲ್ಟರ್ ಎಲಿಯಟ್. ಶಿಲ್ಪಗಳಿಗೂ ಅವನದೇ ಹೆಸರು ಅಂಟಿಕೊಂಡಿತ್ತು. 1824ರಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮನ ಸೆರೆಯಾಳಾಗಿದ್ದ ಇಬ್ಬರು ತರುಣ ಅಧಿಕಾರಿಗಳಲ್ಲಿ ಒಬ್ಬನು ಇದೇ ಎಲಿಯಟ್. ಬಿಡುಗಡೆಯಾದ ಮೇಲೆ ಧಾರವಾಡದ ಸೀಮೆಯಲ್ಲಿದ್ದು ನೂರಾರು ಕನ್ನಡ ಶಾಸನಗಳ ಪ್ರತಿಗಳನ್ನು ಕೈಬರೆಹದಲ್ಲಿ ಮಾಡಿಸಿದನು. ಪ್ರತಿ ಮಾಡುವವನು ಓದಿದಂತೆ ಬರೆಯುತ್ತಾನೆ. ತಪ್ಪು ಓದಿದರೆ ತಪ್ಪೇ ಉಳಿಯುತ್ತದೆ. ಕ್ಯಾಮೆರಾಕ್ಕೆ ಅಕ್ಷರಜ್ಞಾನವಿಲ್ಲ. ಈ ವಿಷಯದಲ್ಲಿ ಅದರ ನಿರಕ್ಷರತೆಯೇ ಅದರ ಗುಣ.

ಟ್ರೈಪ್ ಇದನ್ನು ಅರಿತಿದ್ದನೆಂಬುದಕ್ಕೆ ತಂಜಾವೂರಿನ ಕೆಲಸವೇ ಪ್ರಮಾಣ. 1010ರಲ್ಲಿ ಪೂರ್ಣಗೊಂಡ ಬೃಹದೀಶ್ವರ ದೇವಾಲಯದ ಅಧಿಷ್ಠಾನದ ಮೇಲೆ ಶಾಸನದ ಸಾಲುಗಳು ಅಡ್ಡಲಾಗಿ ಓಡುತ್ತವೆ. ಎಷ್ಟು ದೂರ ನಿಂತರೂ ಅವು ಒಂದು ಕಾಗದದಲ್ಲಿ ಹಿಡಿಸುವಂಥವಲ್ಲ. ದೂರ ನಿಂತಷ್ಟೂ ಅಕ್ಷರ ಕಿರಿದಾಗುತ್ತದೆ. ಆದ್ದರಿಂದ ಅವನು ಗೋಡೆಯ ಉದ್ದಕ್ಕೂ ಕ್ಯಾಮೆರಾವನ್ನು ಸರಿಸುತ್ತ ಹೋದನು. ಪ್ರತಿ ಸಲವೂ ಗೋಡೆಯಿಂದ ಅಷ್ಟೇ ದೂರ, ಅಷ್ಟೇ ಎತ್ತರ, ಗೋಡೆಗೆ ಸಮಾನಾಂತರವಾಗಿ ಗಾಜು. ಒಂದು ಅಂಗುಲ ತಪ್ಪಿದರೂ ಒಂದು ಚಿತ್ರದ ಸಾಲು ಮುಂದಿನ ಚಿತ್ರದ ಸಾಲಿಗೆ ಕೂಡುವುದಿಲ್ಲ. ಹೀಗೆ ತೆಗೆದ 21 ಚಿತ್ರಗಳನ್ನು ಒಂದಕ್ಕೊಂದು ಅಂಟಿಸಿದಾಗ ಸುಮಾರು 19 ಅಡಿ ಉದ್ದದ ಸುರುಳಿಯಾಯಿತು. ಹುಲ್ಟ್ಶ್ ಅವರು ಆ ದೇವಾಲಯದ ಶಾಸನಗಳ ಪಾಠವನ್ನು ಸಂಪಾದಿಸಿ ಪ್ರಕಟಿಸತೊಡಗಿದ್ದು ಇದಾದ ಸುಮಾರು ಮೂರು ದಶಕಗಳ ಅನಂತರ. ನನಗೆ ಟ್ರೈಪ್‌ನ ಎಲ್ಲ ಚಿತ್ರಗಳಿಗಿಂತ ಈ ಸುರುಳಿಯ ಮೇಲೆ ಹೆಚ್ಚು ಪ್ರೀತಿ. ಮದುರೆಯ ಗೋಪುರಗಳು ಸುಂದರವಾಗಿವೆ, ಬರ್ಮಾದ ಸೇತುವೆಗಳು ಇನ್ನೂ ಸುಂದರವಾಗಿವೆ. ಆದರೆ ಇಲ್ಲಿ ಅವನು ಚಿತ್ರಕಾರನ ಆಸೆಯನ್ನು ಬದಿಗಿಟ್ಟು ಲಿಪಿಕಾರನಾಗಿ ನಿಂತಿದ್ದಾನೆ.

1858ರಲ್ಲಿ ಸಂಪುಟಗಳು ಒಂದರ ಮೇಲೊಂದು ಹೊರಬಂದವು. ಅವನ ಭಾಗ್ಯ ಅಷ್ಟಕ್ಕೇ ಮುಗಿಯಿತು. 1859ರಲ್ಲಿ ಮದರಾಸಿಗೆ ಹೊಸ ಗವರ್ನರ್ ಆಗಿ ಬಂದ ಸರ್ ಚಾರ್ಲ್ಸ್ ಟ್ರೆವೆಲಿಯನ್, ಬಂಡಾಯದ ನಂತರದ ಹಣದ ಮುಗ್ಗಟ್ಟಿನಲ್ಲಿ ಸರಕಾರಕ್ಕೊಬ್ಬ ಛಾಯಾಗ್ರಾಹಕನಿರುವುದು ಅತಿಯಾದ ವಿಲಾಸವೆಂದು ಬಗೆದು ಆ ಕಾರ್ಯಾಲಯವನ್ನು ನಿಲ್ಲಿಸಲು ಆಜ್ಞೆ ಮಾಡಿದನು. ಟ್ರೈಪ್ ತನ್ನ ಕೆಲಸವನ್ನು ಸಮರ್ಥಿಸಿಕೊಂಡನು; ಪ್ರಯೋಜನವಾಗಲಿಲ್ಲ. 1860ರ ಹೊತ್ತಿಗೆ ಕತ್ತಲೆಕೋಣೆಗೆ ಬೀಗ ಬಿತ್ತು. ಮೇಲಿನವರ ತೆರಿಗೆ ನೀತಿಯನ್ನು ಬಹಿರಂಗವಾಗಿ ವಿರೋಧಿಸಿದ್ದಕ್ಕಾಗಿ ಟ್ರೆವೆಲಿಯನ್‌ನನ್ನೂ ಅದೇ ವರ್ಷ ಹಿಂದಕ್ಕೆ ಕರೆಸಿಕೊಂಡರು. ಅದರಿಂದ ಟ್ರೈಪ್‌ಗೆ ಆದ ಲಾಭವೇನೂ ಇಲ್ಲ.

ಆಗ ಅವನಿಗೆ ಮೂವತ್ತೆಂಟು ವರ್ಷ. ಮುಂದಿನ ನಾಲ್ಕು ದಶಕಗಳಲ್ಲಿ ಅವನು ಛಾಯಾಗ್ರಹಣಕ್ಕೆ ಹೆಚ್ಚುಕಡಿಮೆ ಬೆನ್ನು ತಿರುಗಿಸಿದನು. ಬರ್ಮಾದಲ್ಲಿ ಸೈನ್ಯದ ಕೆಲಸದ ಮೇಲಿದ್ದಾಗ 1870ರ ಆಸುಪಾಸಿನಲ್ಲಿ ತೆಗೆದ ಕೆಲವು ಚಿತ್ರಗಳಷ್ಟೇ ಸಿಗುತ್ತವೆ. ದಳದ ಕೆಲಸ, ಬಡ್ತಿ, ನಿವೃತ್ತಿ, ಡೆವನ್‌ಪೋರ್ಟ್. 1902ರ ಮಾರ್ಚ್‌ನಲ್ಲಿ ಅಲ್ಲಿಯೇ ತೀರಿಕೊಂಡನು. ಅವನು ಕೆಲಸ ಮಾಡಿದ್ದು ಒಟ್ಟು ಆರು ಏಳು ವರ್ಷ. ಒಂದು ಆಜ್ಞೆಯಿಂದ ನಿಂತುಹೋದದ್ದೇನು ಎಂದು ಯೋಚಿಸಿದಾಗ ನನಗೆ ಕಾಣುವುದು ಹಳೇಬೀಡಿಗೆ ಅವನು ಮತ್ತೆ ಹೋಗಬಹುದಾಗಿದ್ದ ದಾರಿ. ಮೊದಲ ಸಲ ಹೋದಾಗ ಅವನು ಕಲಿಯುವವನು. ತಂಜಾವೂರಿನ ಕೈ ಆಗಿನ್ನೂ ಪಳಗಿರಲಿಲ್ಲ. ಆ ಪಳಗಿದ ಕೈ ಬಳ್ಳಿಗಾವಿಗೋ ಶ್ರವಣಬೆಳಗೊಳಕ್ಕೋ ಬಂದಿದ್ದರೆ!

ಬೇರೆಯವರು ಬಂದರು. 1865ರಲ್ಲಿ ಮೇಜರ್ ಡಿಕ್ಸನ್ ಮೈಸೂರು ಸೀಮೆಯ ಬಳ್ಳಿಗಾವೆ ಮೊದಲಾದ ಕಡೆಗಳ ಶಾಸನಗಳ ಚಿತ್ರಗಳನ್ನು ತೆಗೆದನು. ಆ ಚಿತ್ರಗಳನ್ನು ಓದಿ ಅನುವಾದಿಸುವ ಹೊಣೆ ಬಿ. ಎಲ್. ರೈಸ್ ಅವರ ಪಾಲಿಗೆ ಬಂದಿತು. 1879ರಲ್ಲಿ ಅವರು ಪ್ರಕಟಿಸಿದ ಮೈಸೂರು ಶಾಸನಗಳ ಗ್ರಂಥದ ಬೇರು ಇಲ್ಲಿದೆ. ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳು ಅದರ ಮುಂದಿನ ಕಥೆ, ಅದು ನಿಮಗೆ ಪಠ್ಯದಲ್ಲಿಯೇ ಇದೆ. ಜೆ. ಎಫ್. ಫ್ಲೀಟ್ ಅವರು 1878ರಲ್ಲಿ ವಿವರಣೆ ಕೂಡಿಸಿ ಹೊರತಂದ ಹಳಗನ್ನಡ, ಸಂಸ್ಕೃತ, ಪಾಳಿ ಶಾಸನಗಳ ಸಂಗ್ರಹವೂ ಛಾಯಾಚಿತ್ರಗಳ ಸಂಗ್ರಹವೇ. 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ದೊಡ್ಡ ಗ್ರಂಥದಲ್ಲಿ ಟ್ರೈಪ್‌ನ ಜೊತೆಗಾರ ನೀಲ್ ತೆಗೆದ ಚಿತ್ರಗಳಿವೆ. ಟ್ರೈಪ್‌ನ ಹೆಸರು ಮಾತ್ರ ಬಹುಕಾಲ ಸಂಗ್ರಹಾಲಯಗಳ ಕಪಾಟುಗಳಲ್ಲಿ ಉಳಿದು, 2014–15ರಲ್ಲಿ ವಾಷಿಂಗ್ಟನ್, ನ್ಯೂಯಾರ್ಕ್, ಲಂಡನ್ನುಗಳಲ್ಲಿ ನಡೆದ ಪ್ರದರ್ಶನದಿಂದ ಮತ್ತೆ ಬೆಳಕಿಗೆ ಬಂದಿತು.

ಈ ವರ್ಷ ಮಾಘ ಮಾಸದಲ್ಲಿ ನಾವು ಮತ್ತೆ ಖಿದ್ರಾಪುರಕ್ಕೆ ಹೋದೆವು. ಕಾಗಲದಿಂದ ಕತ್ತಲೆಯಲ್ಲಿಯೇ ಹೊರಟಿದ್ದರಿಂದ ಬಿಸಿಲು ಗೋಡೆಯನ್ನು ಓರೆಯಾಗಿ ಸವರುವ ಹೊತ್ತಿಗೆ ಅಲ್ಲಿದ್ದೆವು. ಒಬ್ಬ ವಿದ್ಯಾರ್ಥಿ ಮೂರು ಕಾಲಿನ ಸ್ಟ್ಯಾಂಡ್ ತಂದಿದ್ದ; ಮೊಬೈಲನ್ನು ಅದಕ್ಕೆ ಸಿಕ್ಕಿಸಿ, ಶಾಸನದ ನಡುಮಟ್ಟಕ್ಕೆ ಎತ್ತರಿಸಿ, ಗೋಡೆಗೆ ನೆಟ್ಟಗೆ ಹಿಡಿದು, ಅರ್ಧರ್ಧ ಮೊಳ ಸರಿಸುತ್ತ ಏಳು ಚಿತ್ರಗಳನ್ನು ತೆಗೆದನು. ನೆರಳಿದ್ದ ಕಡೆ ಒಬ್ಬ ಹುಡುಗಿ ಪಕ್ಕದಿಂದ ಬ್ಯಾಟರಿಯ ಬೆಳಕು ಹಿಡಿದಳು. ಅಕ್ಷರಗಳ ಒಂದೊಂದು ಗೀರಿನ ಅಂಚಿಗೂ ನೆರಳು ಬಿದ್ದಿತು. ಈಗ ಆ ಏಳು ಚಿತ್ರಗಳ ಮುದ್ರಿತ ಪ್ರತಿಗಳು ವಿಭಾಗದ ಮೇಜಿನ ಮೇಲೆ ಅಂಟಿಸಿಕೊಂಡು ಬಿದ್ದಿವೆ. ಮೂರನೆಯ ಮತ್ತು ನಾಲ್ಕನೆಯ ಚಿತ್ರಗಳ ಸಾಲುಗಳು ಸ್ವಲ್ಪ ಕೂಡುತ್ತಿಲ್ಲ. ಎರಡು ಸಾಲುಗಳನ್ನು ಓದಿದ್ದೇವೆ. ಮೂರನೆಯದರಲ್ಲಿ ಒಂದು ಒತ್ತಕ್ಷರದ ಬಗೆಗೆ ತೃತೀಯ ವರ್ಷದವರಿಗೂ ನನಗೂ ಇನ್ನೂ ವಾದ ನಡೆಯುತ್ತಿದೆ.